ಒಂದು ತೂತೋ, ಮೂರು ತೂತೋ?

ಕಳೆದ ಮಳೆಗಾಲದಲ್ಲಿ ಅಕ್ಕನ ಮಗಳಿಗೆ ಹೊಕ್ಕುಳ ಸುತ್ತ ಶುರುವಾದ ನೋವು ಬೆಳಗಾಗುವಷ್ಟರಲ್ಲಿ ಬಲಗಡೆಯ ಕಿಬ್ಬೊಟ್ಟೆಗೆ ಇಳಿದಿತ್ತು. ಜಯನಗರದ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ಮಾಡಿ, ಅಪೆಂಡಿಸೈಟಿಸ್, ಇವತ್ತೇ ಆಪರೇಷನ್ ಆಗಬೇಕು ಎಂದರು. ಅಕ್ಕ ಕೇಳಿದ ಮೊದಲ ಮಾತು: ‘ಒಂದೇ ತೂತಿನಲ್ಲಿ ಮಾಡುತ್ತಾರಂತಲ್ಲ ಡಾಕ್ಟರೇ, ಹಾಗೆ ಮಾಡಿ. ಮದುವೆಯಾಗಬೇಕಾದ ಹುಡುಗಿ, ಕಲೆ ಉಳಿಯಬಾರದು.’ ಮೂರು ತೂತಿನಲ್ಲೇ ಮಾಡುತ್ತೇನೆ ಎಂದರು ಅವರು. ಅಕ್ಕನ ಮುಖ ಸಪ್ಪಗಾಯಿತು.

ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ, ಉಪಕರಣ ಇಳಿಸಿ, ಮೊದಲು ಅಪೆಂಡಿಕ್ಸ್ ತೆಗೆದದ್ದು 1980ರಲ್ಲಿ, ಜರ್ಮನಿಯ ಕೀಲ್ ನಗರದಲ್ಲಿ. ತೆಗೆದವರು ಕುರ್ಟ್ ಸೆಮ್, ಸ್ತ್ರೀರೋಗ ತಜ್ಞರು. ಅಂದಿನ ಶಸ್ತ್ರವೈದ್ಯರು ಅವರ ಮೇಲೆ ಹರಿಹಾಯ್ದರು. ಇಂದು ಬೆಂಗಳೂರಿನಲ್ಲಿ ಅದು ದಿನನಿತ್ಯದ ಕೆಲಸ.

ಮೂರು ತೂತಿನ ವಿಧಾನದಲ್ಲಿ ಹೊಕ್ಕುಳ ಬಳಿ ಸುಮಾರು 10 ಮಿಲಿಮೀಟರ್‌ನ ಒಂದು ತೂತು, ಕೆಳಗೆ ಚಿಕ್ಕವು ಎರಡು. ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಗುಡಾರದಂತೆ ಎತ್ತುತ್ತಾರೆ. ಈ ಅನಿಲಕ್ಕೆ ಬೆಂಕಿ ಹತ್ತುವುದಿಲ್ಲ. ರಕ್ತದಲ್ಲಿ ಬೇಗ ಕರಗಿ ಉಸಿರಿನೊಂದಿಗೆ ಹೊರಹೋಗುತ್ತದೆ. ಆಪರೇಷನ್ ಆದ ಮೇಲೆ ಕೆಲವರಿಗೆ ಭುಜ ನೋಯುವುದೂ ಇದರಿಂದಲೇ. ಉಳಿದ ಅನಿಲ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಯನ್ನು ಕೆಣಕುತ್ತದೆ. ವಪೆಯ ನರ ಹೊರಡುವುದೂ ಭುಜದ ನರಗಳಂತೆ ಕುತ್ತಿಗೆಯಿಂದಾದ್ದರಿಂದ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ.

ಮೂರು ಏಕೆ? ಗಾಂಧಿ ಬಜಾರಿನಲ್ಲಿ ಹೂ ಕಟ್ಟುವವರನ್ನು ನೋಡಿ. ಎರಡು ಕೈಗಳು ಎರಡು ಕಡೆಯಿಂದ ಬಂದು ದಾರದ ಮೇಲೆ ಕೂಡುತ್ತವೆ, ಕಣ್ಣು ನಡುವಿನಿಂದ ನೋಡುತ್ತದೆ. ಒಂದೇ ಬಳೆಯೊಳಗೆ ಎರಡೂ ಕೈ ತೂರಿಸಿ ಕಟ್ಟಿ ಎಂದರೆ? ಏಕರಂಧ್ರ ವಿಧಾನದ ಕಷ್ಟ ಅದೇ. ಹೊಕ್ಕುಳಿನಲ್ಲಿ ಎರಡು, ಎರಡೂವರೆ ಸೆಂಟಿಮೀಟರ್ ಸೀಳಿ, ಕ್ಯಾಮೆರಾ ಮತ್ತು ಉಪಕರಣಗಳನ್ನೆಲ್ಲ ಅಲ್ಲಿಂದಲೇ ಇಳಿಸುತ್ತಾರೆ. ಅವು ಒಂದಕ್ಕೊಂದು ತಾಗುತ್ತವೆ, ಸಮಯ ಹೆಚ್ಚು ಹಿಡಿಯುತ್ತದೆ. ಹೊಕ್ಕುಳಿನ ಸೀಳು ದೊಡ್ಡದಾದಷ್ಟೂ ಮುಂದೆ ಹರ್ನಿಯಾ (ಆ ಜಾಗದಲ್ಲಿ ಕರುಳು ಉಬ್ಬಿ ಹೊರಚಾಚುವುದು) ಆಗದಂತೆ ಜಾಗ್ರತೆಯಿಂದ ಹೊಲಿಯಬೇಕು. ಕಲೆ ಹೊಕ್ಕುಳಿನ ಮಡಿಕೆಯಲ್ಲಿ ಮರೆಯಾಗುವುದು ನಿಜ. ಅದು ಸಣ್ಣ ಲಾಭವೇನಲ್ಲ, ಆದರೆ ಲಾಭ ಬಹುಪಾಲು ಅಷ್ಟೇ.

ಮಕ್ಕಳಲ್ಲಿ ಇನ್ನೊಂದು ಜಾಣ ದಾರಿಯಿದೆ. ಅವರ ಹೊಟ್ಟೆಯ ಗೋಡೆ ತೆಳು, ಕರುಳು ಸಡಿಲ. ಹಾಗಾಗಿ ಅಪೆಂಡಿಕ್ಸನ್ನು ಹೊಕ್ಕುಳಿನ ತೂತಿನಿಂದ ಹೊರಗೆಳೆದು, ಹಳೆಯ ಕಾಲದಂತೆ ಕೈಯಿಂದಲೇ ಕಟ್ಟಿ ಕತ್ತರಿಸಿ, ಕರುಳನ್ನು ಮರಳಿ ಒಳಗೆ ಬಿಡುತ್ತಾರೆ.

ಆದರೆ ನಮ್ಮ ಮನೆಗಳಲ್ಲಿ ಯಾರೂ ಕೇಳದ ಪ್ರಶ್ನೆ ಬುಡದ್ದು: ಅಪೆಂಡಿಕ್ಸ್ ಕತ್ತರಿಸಿದ ಜಾಗವನ್ನು ಮುಚ್ಚುವುದು ಹೇಗೆ? ಅಪೆಂಡಿಕ್ಸ್ ದೊಡ್ಡ ಕರುಳಿನಿಂದ ಹೊರಟ, ತುದಿ ಮುಚ್ಚಿದ ಕೊಳವೆ. ಕತ್ತರಿಸಿದ ಜಾಗ ಸೋರಿದರೆ ಕರುಳಿನ ಹೊಲಸು ಹೊಟ್ಟೆಗೆ ಬೀಳುತ್ತದೆ. ಆದ್ದರಿಂದ ಮೊದಲು ಅದರ ರಕ್ತನಾಳಗಳನ್ನು ಮುಚ್ಚಿ, ಬಳಿಕ ಬುಡಕ್ಕೆ ದಾರದ ಜೀರುಕುಣಿಕೆ ಹಾಕುತ್ತಾರೆ. ಗೋಣಿಚೀಲದ ಬಾಯಿ ಬಿಗಿದಂತೆ, ಉದ್ದನೆಯ ಕಡ್ಡಿಯಿಂದ ಗಂಟನ್ನು ಮುಂದೆ ತಳ್ಳಿ ಬಿಗಿಯುತ್ತಾರೆ. ಸಾಮಾನ್ಯವಾಗಿ ಬುಡದಲ್ಲಿ ಎರಡು, ಆಚೆಗೊಂದು, ನಡುವೆ ಕತ್ತರಿ. ಕೆಲವರು ಪ್ಲಾಸ್ಟಿಕ್ ಕ್ಲಿಪ್ ಬಳಸುತ್ತಾರೆ. ಸ್ಟೇಪ್ಲರ್ ಆದರೆ ಒಂದೇ ಹಿಡಿತದಲ್ಲಿ ಪಿನ್ನು ಹೊಡೆದು ಕತ್ತರಿಸಿಯೂ ಬಿಡುತ್ತದೆ, ಬೆಲೆ ಮಾತ್ರ ಕುಣಿಕೆಯ ಹಲವು ಪಟ್ಟು. ಬುಡ ಗಟ್ಟಿಯಾಗಿದ್ದರೆ ಇವುಗಳಲ್ಲಿ ಒಂದು ಇನ್ನೊಂದಕ್ಕಿಂತ ಸ್ಪಷ್ಟವಾಗಿ ಮೇಲೆಂದು ಸಾಬೀತಾಗಿಲ್ಲ. ಬುಡವೇ ಊದಿ ಕೊಳೆತಿದ್ದರೆ ಕುಣಿಕೆ ಅಂಗಾಂಶವನ್ನೇ ಕೊಯ್ದುಬಿಡಬಹುದು. ಅಲ್ಲಿ ಸ್ಟೇಪ್ಲರಿಗೆ ಕೊಟ್ಟ ಹಣ ಸಾರ್ಥಕ. ಬುಡವನ್ನು ಉದ್ದ ಉಳಿಸುವಂತೆಯೂ ಇಲ್ಲ. ಉಳಿದ ತುಂಡಿಗೇ ಮತ್ತೆ ಉರಿಯೂತ ಬಂದ ಉದಾಹರಣೆಗಳಿವೆ.

ಅಕ್ಕನ ಮಗಳ ಅಪೆಂಡಿಕ್ಸ್ ಕರುಳಿನ ಹಿಂದೆ ಮಡಚಿ ಅಂಟಿಕೊಂಡಿತ್ತು. ಒಂದು ಕೈ ಕರುಳನ್ನು ಸರಿಸಿ ಹಿಡಿಯಬೇಕು, ಇನ್ನೊಂದು ಬಿಡಿಸಬೇಕು. ಮೂರು ತೂತು ಅಲ್ಲಿ ಕೆಲಸಕ್ಕೆ ಬಂದವು. ಸಂಜೆ ವೈದ್ಯರು ಪರದೆಯಲ್ಲಿ ಬುಡದ ಚಿತ್ರ ತೋರಿಸಿದರು: ಗುಲಾಬಿ ಬಣ್ಣದ ಕರುಳಿನ ಮೇಲೆ ಎರಡು ಬಿಗಿ ಗಂಟು. ಅಕ್ಕ ಬಹಳ ಹೊತ್ತು ನೋಡಿ, ‘ಈ ಗಂಟು ಬಿಚ್ಚಿಕೊಳ್ಳುವುದಿಲ್ಲವೇ?’ ಎಂದಳು.

‘ಬುಡ ಮಾಗುವವರೆಗೂ ಬಿಗಿಯಾಗಿಯೇ ಇರುತ್ತದಮ್ಮ. ಆಮೇಲೆ ದಾರ ತಾನಾಗಿ ಕರಗುತ್ತದೆ.’