ಸಿಟಿ ಆರ್ಕಿಟೆಕ್ಟ್: ಊರಿನ ಸಂಬಳದ ವಾಸ್ತುಶಿಲ್ಪಿ

ಅಮೆರಿಕದ ಹಳೆಯ ಕಟ್ಟಡಗಳ ಬಗ್ಗೆ ಓದುವಾಗ ‘ಸಿಟಿ ಆರ್ಕಿಟೆಕ್ಟ್’ ಎಂಬ ಹುದ್ದೆಯ ಹೆಸರು ಆಗಾಗ ಎದುರಾಗುತ್ತದೆ. ಹೆಸರು ಕೇಳಿದರೆ ಇಡೀ ಊರಿಗೇ ನಕ್ಷೆ ಹಾಕಿದವರು ಇರಬೇಕು ಅನ್ನಿಸುತ್ತದೆ. ಕೆಲಸ ಅಷ್ಟು ದೊಡ್ಡದೇನಲ್ಲ. ನಗರಾಡಳಿತದಿಂದ ಸಂಬಳ ಪಡೆದು ಅಗ್ನಿಶಾಮಕ ಠಾಣೆ, ಪೊಲೀಸ್ ಠಾಣೆ, ಗ್ರಂಥಾಲಯ, ಆಸ್ಪತ್ರೆಗಳಂಥ ಕಟ್ಟಡಗಳನ್ನು ವಿನ್ಯಾಸ ಮಾಡಿಕೊಡುವ ನೌಕರನೇ ಸಿಟಿ ಆರ್ಕಿಟೆಕ್ಟ್. ರಸ್ತೆ, ಚರಂಡಿ ಎಲ್ಲ ಸಿಟಿ ಎಂಜಿನಿಯರ್ ಪಾಲಿಗೆ. ಊರು ಯಾವ ಕಡೆ ಬೆಳೆಯಬೇಕು ಎಂಬುದು ಪ್ಲ್ಯಾನರ್ ತಲೆನೋವು. ಸಿಯಾಟಲ್‌ನಂಥ ಊರಿನಲ್ಲಿ ಶಾಲೆಗಳಿಗೂ ಬೇರೆಯೇ ಆರ್ಕಿಟೆಕ್ಟ್ ಇದ್ದ.

ಇಂಥ ಹುದ್ದೆ ಯಾಕೆ ಬೇಕಾಯಿತು? ಮುಖ್ಯವಾಗಿ ದುಡ್ಡಿನ ಲೆಕ್ಕ. ಖಾಸಗಿ ಆರ್ಕಿಟೆಕ್ಟ್‌ಗಳು ಕಟ್ಟಡದ ವೆಚ್ಚದಲ್ಲಿ ಇಂತಿಷ್ಟು ಪಾಲು ಎಂದು ಫೀಸು ಕೇಳುತ್ತಿದ್ದರು. ಆ ವೃತ್ತಿಯವರ ರಾಷ್ಟ್ರೀಯ ಸಂಘ 1908ರಲ್ಲಿ ದರವನ್ನು ಶೇ. 5ರಿಂದ ಶೇ. 6ಕ್ಕೆ ಏರಿಸಿತು. ಖರ್ಚು ಜಾಸ್ತಿಯಾದಷ್ಟೂ ಫೀಸೂ ಜಾಸ್ತಿ ಅಲ್ವಾ? ಹತ್ತಾರು ಸಣ್ಣ ಕಟ್ಟಡ ಕಟ್ಟಬೇಕಾದ ಊರಿಗೆ ಒಬ್ಬನನ್ನು ಸಂಬಳಕ್ಕಿಟ್ಟುಕೊಳ್ಳುವುದೇ ಅಗ್ಗ. ಗುತ್ತಿಗೆ ಹಂಚುವಾಗಿನ ವಶೀಲಿಯೂ ಸ್ವಲ್ಪ ತಪ್ಪುತ್ತದೆ. ಪೂರ್ತಿ ತಪ್ಪುತ್ತದೆ ಅನ್ನಲಾಗದು, ಯಾಕೆಂದರೆ ಹುದ್ದೆಯೇ ರಾಜಕೀಯದ ಕೈಯಲ್ಲಿತ್ತು. ಬಾಸ್ಟನ್ನಿನಲ್ಲಿ 1891ರಿಂದ ಎಡ್ಮಂಡ್ ವೀಲ್‌ರೈಟ್ ಎಂಬ ಪ್ರತಿಭಾವಂತ ಈ ಕೆಲಸದಲ್ಲಿದ್ದ. 1895ರಲ್ಲಿ ಆ ಊರು ಹುದ್ದೆಯನ್ನೇ ತೆಗೆದುಹಾಕಿತು.

ಹುದ್ದೆ ಹೇಗಿತ್ತು ಎಂದು ನೋಡಲು ಸಿಯಾಟಲ್‌ನ ಡೇನಿಯಲ್ ಹಂಟಿಂಗ್ಟನ್ ಒಳ್ಳೆಯ ಉದಾಹರಣೆ. ಹುಟ್ಟಿದ್ದು 1871ರಲ್ಲಿ, ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ. ಡೆನ್ವರ್, ಮಿನಿಯಾಪೊಲಿಸ್ ಸುತ್ತಿ ಸಿಯಾಟಲ್ ಸೇರುವ ಹೊತ್ತಿಗೆ ಆ ಊರು ಸಿಕ್ಕಾಪಟ್ಟೆ ಬೆಳೆಯುತ್ತಿತ್ತು. 1900ರಲ್ಲಿ 80 ಸಾವಿರ ಇದ್ದ ಜನ 1910ಕ್ಕೆ 2 ಲಕ್ಷ 37 ಸಾವಿರ. ಕಟ್ಟಡ ಕಟ್ಟುವವನಿಗೆ ಇನ್ನೇನು ಬೇಕು? ಜೇಮ್ಸ್ ಶಾಕ್ ಜೊತೆ ಪಾಲುದಾರನಾಗಿ ಮೆಥಡಿಸ್ಟರ ದೊಡ್ಡ ಗುಮ್ಮಟದ ಚರ್ಚನ್ನು ರೂಪಿಸಿದ. 1908ರಲ್ಲಿ ಕೋಲ್ಮನ್ ಡಾಕ್ ಎಂಬ ಹಡಗುಕಟ್ಟೆಗೆ ಗಡಿಯಾರ ಗೋಪುರ ಮಾಡಿಕೊಟ್ಟ. 1912ರ ಏಪ್ರಿಲ್‌ನಲ್ಲಿ ‘ಅಲಮೀಡಾ’ ಎಂಬ ಹಡಗು ಕಟ್ಟೆಗೆ ನುಗ್ಗಿ ಆ ಗೋಪುರವನ್ನು ಗಡಿಯಾರ ಸಮೇತ ನೀರಿಗೆ ಕೆಡವಿತು!

ಅದೇ 1912ರಲ್ಲಿ ಹಂಟಿಂಗ್ಟನ್ ಸಿಟಿ ಆರ್ಕಿಟೆಕ್ಟ್ ಆದ. ಆ ವರ್ಷ ಸಿಯಾಟಲ್‌ನಲ್ಲಿ ಇನ್ನೊಂದು ದೊಡ್ಡ ಸಂಗತಿ ನಡೆದಿತ್ತು. ವರ್ಜಿಲ್ ಬೋಗ್ ಎಂಬ ಎಂಜಿನಿಯರ್ ಇಡೀ ಊರಿಗೆ ಒಂದು ಭವ್ಯ ಯೋಜನೆ ಬರೆದಿದ್ದ. ಅಗಲವಾದ ಬೀದಿಗಳು, ಸರ್ಕಾರಿ ಸೌಧಗಳೆಲ್ಲ ಒಂದೇ ಕಡೆ, ಎಲ್ಲವೂ ಯುರೋಪಿನ ರಾಜಧಾನಿಗಳ ಗತ್ತಿನಲ್ಲಿ. ಮಾರ್ಚ್‌ನಲ್ಲಿ ಜನ ಮತ ಹಾಕಿ ಅದನ್ನು ತಿರಸ್ಕರಿಸಿದರು. ಹಾಗಾಗಿ ಆಮೇಲಿನ ಒಂಬತ್ತು ವರ್ಷ ನಗರಾಡಳಿತದ ಮುಖವನ್ನು ಜನ ನೋಡಿದ್ದು ಸೌಧಗಳಲ್ಲಿ ಅಲ್ಲ, ಹಂಟಿಂಗ್ಟನ್ ಬಡಾವಣೆ ಬಡಾವಣೆಗೂ ಮಾಡಿಕೊಟ್ಟ ಸಣ್ಣ ಕಟ್ಟಡಗಳಲ್ಲಿ. ಸಿಟಿ ಆರ್ಕಿಟೆಕ್ಟ್‌ನ ಮಹತ್ವ ಇಲ್ಲೇ ಇದೆ ಅನ್ನಿಸುತ್ತದೆ ನನಗೆ.

ವಾಲಿಂಗ್‌ಫರ್ಡ್ ಬಡಾವಣೆಯ 1913ರ ಠಾಣೆ ನೋಡಿ. ಅಗ್ನಿಶಾಮಕ ದಳಕ್ಕೂ ಪೊಲೀಸರಿಗೂ ಒಂದೇ ಸೂರು. ಸುತ್ತ ಮರಗೆಲಸದ ಬಂಗಲೆಗಳಿದ್ದವು, ಇದನ್ನೂ ಅದೇ ಧಾಟಿಯಲ್ಲಿ ಕಟ್ಟಿಸಿದ. ಊರಾಚೆ ಫರ್ಲ್ಯಾಂಡ್ ಕ್ಷಯರೋಗ ಆಸ್ಪತ್ರೆಗೆ ಹಳೆಯ ಇಂಗ್ಲಿಷ್ ಟ್ಯೂಡರ್ ಶೈಲಿ. ಅದರ ಜಾಗ ಕೊಟ್ಟವನು ರೈಲ್ವೆ ಗುತ್ತಿಗೆದಾರ ಹೊರೇಸ್ ಹೆನ್ರಿ, ಆತನ ಮಗ ಕ್ಷಯದಿಂದಲೇ ತೀರಿಕೊಂಡಿದ್ದ. ಫ್ರೀಮಾಂಟ್ ಗ್ರಂಥಾಲಯಕ್ಕೆ ಮತ್ತೆ ಬೇರೆ ಧಾಟಿ: ಬಿಳಿ ಗೋಡೆ, ಕೆಂಪು ಹೆಂಚು, ಸ್ಪ್ಯಾನಿಷ್ ಪಾದ್ರಿಗಳು ಕಟ್ಟಿದ ಹಳೆಯ ಮಿಷನ್ ಚರ್ಚುಗಳ ನೆನಪು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯ ದಾನದ ಹಣದಲ್ಲಿ ಸಿಯಾಟಲ್‌ಗೆ ಬಂದ ಗ್ರಂಥಾಲಯಗಳಲ್ಲಿ ಇದೇ ಕೊನೆಯದು, 1921ರಲ್ಲಿ ತೆರೆಯಿತು.

ಆದರೆ ಅತಿ ದೊಡ್ಡ ಕೆಲಸ ಲೇಕ್ ಯೂನಿಯನ್ ದಡದ ಉಗಿ ವಿದ್ಯುತ್ ಸ್ಥಾವರ. ಸಿಯಾಟಲ್‌ನಲ್ಲಿ ಕರೆಂಟು ಮಾರುವ ನಗರದ್ದೇ ಸಂಸ್ಥೆ ಇತ್ತು, ಸಿಟಿ ಲೈಟ್ ಅಂತ. ಅದಕ್ಕಾಗಿ 1914ರಿಂದ 1921ರವರೆಗೆ ಮೂರು ಹಂತದಲ್ಲಿ ಈ ಕಟ್ಟಡ ಎದ್ದಿತು. ಬಾಯ್ಲರು ಇಡುವ ಶೆಡ್ಡಿಗೆ ಸುಮ್ನೆ ನಾಲ್ಕು ಗೋಡೆ ಎಬ್ಬಿಸಿದರೂ ಯಾರೂ ಕೇಳುತ್ತಿರಲಿಲ್ಲ. ಹಂಟಿಂಗ್ಟನ್ ಕಾಂಕ್ರೀಟ್ ಗೋಡೆಯ ಉದ್ದಕ್ಕೂ ಎತ್ತರದ ಕಿಟಕಿಗಳ ಸಾಲು ಕೊಟ್ಟ, ಮೇಲೆ ಚಿಮಣಿಗಳ ಸಾಲು. ಸ್ಥಾವರ ನಿಂತುಹೋದ ಮೇಲೆ 1990ರ ದಶಕದಲ್ಲಿ ಒಂದು ಜೈವಿಕ ತಂತ್ರಜ್ಞಾನ ಕಂಪನಿ ಅದನ್ನು ಪ್ರಯೋಗಾಲಯ ಮಾಡಿಕೊಂಡಿತು. ಹಳೆಯ ಚಿಮಣಿ ತೆಗೆದ ಜಾಗದಲ್ಲಿ ತೆಳ್ಳಗಿನ ಹೊಸವನ್ನು ನಿಲ್ಲಿಸಿದರು, ಕಟ್ಟಡದ ಚಹರೆ ಹಾಳಾಗಬಾರದು ಅಂತ. ಅಮೆಜಾನ್ ಕಚೇರಿಗಳಿರುವ ಸೌತ್ ಲೇಕ್ ಯೂನಿಯನ್‌ಗೆ ಇದು ಹತ್ತಿರ. ಅಲ್ಲಿ ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಇದನ್ನು ನೋಡಿಯೇ ಇರುತ್ತಾರೆ.

ಒಬ್ಬನೇ ಮನುಷ್ಯ ಇಷ್ಟೊಂದು ಶೈಲಿಗಳಲ್ಲಿ ಕಟ್ಟಿದರೆ ಸ್ವಂತದ್ದು ಅಂತ ಏನಿತ್ತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಹುದ್ದೆ ಸ್ವಂತ ಛಾಪು ಒತ್ತುವವರಿಗೆ ಹೇಳಿದ್ದಲ್ಲ. ಜಾಗ ನೋಡಬೇಕು, ಬಜೆಟ್ ನೋಡಬೇಕು, ಒಳಗೆ ಕೆಲಸ ಮಾಡುವವರನ್ನು ನೋಡಬೇಕು. ಅದರಲ್ಲಿ ಹಂಟಿಂಗ್ಟನ್ ಕೈ ಪಳಗಿತ್ತು.

1921ರಲ್ಲಿ ಹುದ್ದೆ ಬಿಟ್ಟು ಆತ ಖಾಸಗಿ ಕೆಲಸಕ್ಕೆ ಮರಳಿದ. 1925ರಲ್ಲಿ ಒಂದು ಮಹಿಳಾ ಸಂಘಕ್ಕಾಗಿ ಜಾರ್ಜ್ ವಾಷಿಂಗ್ಟನ್ ಅವರ ಮೌಂಟ್ ವರ್ನನ್ ಮನೆಯ ಪ್ರತಿಯನ್ನೇ ಕಟ್ಟಿಸಿಕೊಟ್ಟ. ಚೆನ್ನಾಗಿದೆ, ಆದರೆ ವಾಲಿಂಗ್‌ಫರ್ಡ್ ಠಾಣೆಯ ಮುಂದೆ ನನಗದು ಸಪ್ಪೆ. 1928ರ ಪೀಡ್‌ಮಾಂಟ್ ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಬಣ್ಣದ ಹೆಂಚುಬಿಲ್ಲೆಗಳನ್ನು ಧಾರಾಳವಾಗಿ ಹಾಕಿಸಿದ್ದಾನೆ. ನಗರದ ದುಡ್ಡಾಗಿದ್ದರೆ ಅಷ್ಟು ಧಾರಾಳಕ್ಕೆ ಮಂಜೂರಾತಿ ಸಿಗುತ್ತಿತ್ತೋ ಇಲ್ಲವೋ! ಹಂಟಿಂಗ್ಟನ್ ತೀರಿಕೊಂಡಿದ್ದು 1962ರಲ್ಲಿ.