ಹಳೆಯ ಸಣ್ಣ ಕಾರಿಗೆ ಬೇರೆ ಎಂಜಿನ್: ಇಳಿಸುವ ಮುನ್ನ, ಕೂರಿಸುವ ಮುನ್ನ

ಹಳೆಯ ಸಣ್ಣ ಕಾರಿನ ಎಂಜಿನ್ ಅನ್ನು ಮನೆಯಲ್ಲೇ ಬದಲಿಸಬೇಕೆಂದು ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಭಾರ ಎತ್ತುವ ಸಲಕರಣೆಯದ್ದು. ಈ ಆತಂಕ ಸಹಜವೇ. ನಾಲ್ಕು ಸಿಲಿಂಡರಿನ ಸಣ್ಣ ಪೆಟ್ರೋಲ್ ಎಂಜಿನ್ ಸುಮಾರು ನೂರು ಕಿಲೋ ತೂಗುತ್ತದೆ, ಗೇರ್‌ಬಾಕ್ಸ್ ಜೊತೆಗಿದ್ದರೆ ಇನ್ನೂ ಮೂವತ್ತು ನಲವತ್ತು ಕಿಲೋ ಹೆಚ್ಚು. ಆದರೆ ಒಳ್ಳೆಯ ಕ್ರೇನ್ ಮತ್ತು ಸಹಾಯಕ್ಕೆ ಇನ್ನೊಬ್ಬರಿದ್ದರೆ ಎತ್ತಿ ಇಳಿಸುವುದು ಈ ಕೆಲಸದ ಸುಲಭ ಭಾಗ. ಕೆಲಸ ಕೆಡುವುದು ಬಹುಮಟ್ಟಿಗೆ ಬೇರೆ ಎರಡು ಕಡೆ: ಹಳೆಯ ಎಂಜಿನ್ ಏಕೆ ಹೋಯಿತೆಂದು ತಿಳಿಯದೆಯೇ ಹೊಸದನ್ನು ತಂದಾಗ, ಮತ್ತು ಎರಡೂ ಎಂಜಿನ್‌ಗಳು ಅಕ್ಕಪಕ್ಕದಲ್ಲಿ ನೆಲದ ಮೇಲಿರುವ ಹೊತ್ತನ್ನು ಆತುರದಲ್ಲಿ ಕಳೆದುಬಿಟ್ಟಾಗ.

ಮೊದಲನೆಯದರಿಂದ ಆರಂಭಿಸೋಣ. ಎಂಜಿನ್ ಬದಲಿಸಲೇಬೇಕು ಎಂಬ ತೀರ್ಮಾನಕ್ಕೆ, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇಲ್ಲದೆ ಬರಬಾರದು. ಎಂಜಿನ್ ಬೆಚ್ಚಗಿರುವಾಗ ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನೂ ಬಿಚ್ಚಿ, ಇಂಧನ ಮತ್ತು ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಎರಡನ್ನೂ ಕಡಿತಗೊಳಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿದಾಗ ಆರೋಗ್ಯವಂತ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 10ರಿಂದ 14 ಬಾರ್ ತೋರಿಸುತ್ತದೆ. ಅಂಕಿಗಿಂತ ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ಅಂತರ. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ಆ ಪ್ಲಗ್ ರಂಧ್ರದೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ದೋಷ ಪಿಸ್ಟನ್ ರಿಂಗಿನದ್ದು ಅಥವಾ ಬೋರಿನದ್ದು, ಅಂದರೆ ಸಿಲಿಂಡರಿನ ಒಳಗೋಡೆಯದ್ದು. ಏರದಿದ್ದರೆ ವಾಲ್ವಿನದ್ದು ಅಥವಾ ಎಂಜಿನ್ನಿನ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪದರವಾದ ಹೆಡ್ ಗ್ಯಾಸ್ಕೆಟ್‌ನದ್ದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆಯೇ ಹೆಚ್ಚು, ಅದಕ್ಕೆ ಎಂಜಿನ್ ಬದಲಿಸುವ ಅಗತ್ಯವಿಲ್ಲ, ಹೆಡ್ ಬಿಚ್ಚಿದರೆ ಸಾಕು. ಇದಕ್ಕೆ ವ್ಯತಿರಿಕ್ತವಾಗಿ, ಎಂಜಿನ್ನಿನ ಕೆಳಭಾಗದಿಂದ ಬರುವ, ವೇಗ ಏರಿದಂತೆ ಜೋರಾಗುವ ಗಟ್ಟಿ ಬಡಿತ ಮತ್ತು ಹೊರಬಿಟ್ಟ ಆಯಿಲ್‌ನಲ್ಲಿ ಮಿನುಗುವ ಲೋಹದ ಪುಡಿ ಎರಡೂ ಕಂಡರೆ, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿಗೆ ಪಿಸ್ಟನ್ನನ್ನು ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿದೆ ಎಂದೇ ತಿಳಿಯಬೇಕು. ಅಲ್ಲಿಗೆ ಬೇರೆ ಎಂಜಿನ್ನಿನ ಮಾತು ನ್ಯಾಯವಾಗುತ್ತದೆ.

ಕಾರಣವನ್ನು ಇನ್ನೊಂದು ಮೆಟ್ಟಿಲು ಹಿಂದಕ್ಕೆ ಹೋಗಿ ಹುಡುಕಬೇಕು. ಹೀಟ್ ಆಗಿ ಕೆಟ್ಟ ಎಂಜಿನ್ ಆಗಿದ್ದರೆ ರೇಡಿಯೇಟರ್ ಕಟ್ಟಿಕೊಂಡಿತ್ತೇ, ಫ್ಯಾನಿನ ರಿಲೇ ಕೈಕೊಟ್ಟಿತ್ತೇ, ರೇಡಿಯೇಟರ್ ಕ್ಯಾಪ್ ಒತ್ತಡ ಹಿಡಿಯುತ್ತಿತ್ತೇ ಎಂದು ನೋಡದೆ ಹೊಸ ಎಂಜಿನ್ ಅನ್ನು ಅದೇ ರೇಡಿಯೇಟರಿನ ಹಿಂದೆ ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಕ್ಯಾಪ್ ಅನ್ನು ಹಲವರು ಕೇವಲ ಮುಚ್ಚಳವೆಂದು ಭಾವಿಸುತ್ತಾರೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಹೊರಗಿನ ಗಾಳಿಗಿಂತ ಒಂದು ಬಾರ್ ಹೆಚ್ಚಿನ ಒತ್ತಡದಲ್ಲಿ ಸುಮಾರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಆ ಒತ್ತಡವನ್ನು ಹಿಡಿದಿಡುವುದು ಕ್ಯಾಪಿನ ಸ್ಪ್ರಿಂಗ್. ಅದು ಸಡಿಲವಾದ ಕಾರು ಏರುದಾರಿಯಲ್ಲಿ ಕುದಿಯುವುದರಲ್ಲಿ ಆಶ್ಚರ್ಯವಿಲ್ಲ.

ಬಳಸಿದ ಎಂಜಿನ್ ಆರಿಸುವಾಗ ಮಾರುವವರು ಹೇಳುವ ಕಿಲೋಮೀಟರಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಬ್ಲಾಕಿನ ಮೇಲೆ ಒತ್ತಿರುವ ಎಂಜಿನ್ ಕೋಡ್ ನಿಮ್ಮ ಕಾರಿನದ್ದಕ್ಕೆ ಅಕ್ಷರಶಃ ಹೊಂದಬೇಕು. ಅದೇ ಮಾದರಿಯ, ಅದೇ ಸಿಸಿಯ ಎಂಜಿನ್‌ಗಳಲ್ಲೂ ವರ್ಷ ಬದಲಾದಂತೆ ಸೆನ್ಸರುಗಳ ಜಾಗ, ಮೌಂಟಿಂಗ್ ತೂತುಗಳು, ಎಂಜಿನ್ನಿನ ತುದಿಯಲ್ಲಿ ತಿರುಗುವ ಭಾರದ ಚಕ್ರವಾದ ಫ್ಲೈವೀಲಿನ ಹಲ್ಲುಗಳ ಲೆಕ್ಕ ಬದಲಾಗಿರುತ್ತವೆ. ಆಯಿಲ್ ತುಂಬುವ ಮುಚ್ಚಳ ತೆಗೆದು ಒಳಗೆ ಬೆಳಕು ಬಿಡಿ. ಒಳಗಿನ ಲೋಹ ತೆಳು ಕಂದು ಬಣ್ಣಕ್ಕಿದ್ದರೆ ಚಿಂತೆಯಿಲ್ಲ. ಕಪ್ಪು ಜಿಡ್ಡು ಗಟ್ಟಿಯಾಗಿ ಕೂತಿದ್ದರೆ ಆಯಿಲ್ ಬದಲಿಸದೆಯೇ ಓಡಿಸಿದ ಎಂಜಿನ್ ಅದು. ಹಾಲಿನ ಬಣ್ಣದ ಕೆನೆಯು ಮುಚ್ಚಳದಲ್ಲಿ ಮಾತ್ರವಿದ್ದರೆ ತೇವಾಂಶವಿರಬಹುದು, ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್‌ನಲ್ಲೂ ಇದ್ದರೆ ಎಂಜಿನ್ ತಂಪಾಗಿಸುವ ದ್ರವವಾದ ಕೂಲಂಟ್ ಸೇರಿದೆ ಎಂದೇ ಅರ್ಥ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಿದಾಗ ಎಲ್ಲೂ ತಡೆಯದೆ ತಿರುಗಬೇಕು. ಸಾಧ್ಯವಾದರೆ ಕಂಪ್ರೆಷನ್ ಅಲ್ಲೇ ಅಳೆಯಿರಿ. ಅಳೆಯಲು ಬಿಡದವರಿಂದ ಎಂಜಿನ್ ತರದಿರುವುದೇ ಲೇಸು.

ಹಳೆಯದನ್ನು ಕಳಚುವ ಕ್ರಮವನ್ನು ಆಯಾ ಕಾರಿನ ವರ್ಕ್‌ಶಾಪ್ ಕೈಪಿಡಿ ಹೇಳುವುದರಿಂದ ಇಲ್ಲಿ ಸುರಕ್ಷತೆಯ ವಿಷಯಗಳನ್ನಷ್ಟೇ ಹೇಳುತ್ತೇನೆ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಕಾರಿನ ಕೆಳಗೆ ಕೈ ಹಾಕುವ ಮುನ್ನ ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್‌ಗಳು ಕೂತಿರಬೇಕು. ಫ್ಯೂಯಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರಿನ ಪೈಪಿನಲ್ಲಿ ಎಂಜಿನ್ ನಿಂತ ಮೇಲೂ ಸುಮಾರು ಮೂರು ಬಾರ್ ಒತ್ತಡ ಉಳಿದಿರುತ್ತದೆ, ಆದ್ದರಿಂದ ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಆ ಒತ್ತಡವನ್ನು ಇಳಿಸಬೇಕು. ಎಂಜಿನ್ ಓಡದ ಸ್ಥಿತಿಯಲ್ಲಿದ್ದರೆ ಅದು ಪೂರ್ತಿ ತಣ್ಣಗಿರುವಾಗ ಜೋಡಣೆಗೆ ದಪ್ಪ ಬಟ್ಟೆ ಸುತ್ತಿ ನಿಧಾನವಾಗಿ ಸಡಿಲಿಸಬೇಕು. ನಂತರ ಬ್ಯಾಟರಿ ಬಿಚ್ಚುವಾಗ ಅದರ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಬೇಕು. ಏಸಿ ಪೈಪುಗಳನ್ನು ಬಿಚ್ಚುವ ಗೋಜಿಗೇ ಹೋಗಬೇಡಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಕಂಪ್ರೆಸರನ್ನು ಪೈಪುಗಳ ಸಮೇತ ಎಂಜಿನ್ನಿನಿಂದ ಬಿಡಿಸಿ ಪಕ್ಕಕ್ಕೆ ಕಟ್ಟಿಡಬಹುದು, ಆಗ ಗ್ಯಾಸ್ ಗಾಳಿಗೆ ಬಿಡುವ ಪ್ರಮೇಯವೇ ಬರುವುದಿಲ್ಲ. ಹೊರಬಿಟ್ಟ ಕೂಲಂಟ್ ಅನ್ನು ತೆರೆದ ಟ್ರೇಯಲ್ಲಿ ಬಿಡಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಅವಕ್ಕೆ ಮಾರಕ.

ಸೈಲೆನ್ಸರ್ ಮ್ಯಾನಿಫೋಲ್ಡಿನ ಸ್ಟಡ್‌ಗಳ ಬಗ್ಗೆ ಒಂದು ಮಾತು: ಹಿಂದಿನ ಸಂಜೆಯೇ ಅವಕ್ಕೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಮಲಗಿದವರ ಬೆಳಗು ಸುಖವಾಗಿರುತ್ತದೆ.

ಈಗ ಆ ಮುಖ್ಯ ಹೊತ್ತು. ಹಳೆಯ ಎಂಜಿನ್ ಹೊರಗಿದೆ, ತಂದ ಎಂಜಿನ್ ಅದರ ಪಕ್ಕದಲ್ಲಿದೆ, ಕಾರಿನ ಮುಂಭಾಗ ಖಾಲಿಯಿದೆ. ಎಲ್ಲರಿಗೂ ಆಗ ಕೈ ತುರಿಸುತ್ತದೆ. ಬೇಗ ಕೂರಿಸಿ ಸ್ಟಾರ್ಟ್ ಮಾಡಿ ನೋಡಬೇಕೆನಿಸುತ್ತದೆ. ನನ್ನ ಸಲಹೆಯೆಂದರೆ ಕ್ರೇನನ್ನು ಅಂದಿಗೆ ಪಕ್ಕಕ್ಕೆ ತಳ್ಳಿಬಿಡಿ. ಎರಡನ್ನೂ ಒಂದೇ ದಿಕ್ಕಿಗೆ ಮುಖ ಮಾಡಿಸಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪ್ರತಿಯೊಂದು ತೂತು, ಸೆನ್ಸರ್, ಬ್ರಾಕೆಟ್, ನೀರಿನ ಪೈಪಿನ ಮೂತಿ ಇವುಗಳನ್ನು ಬೆರಳಿಟ್ಟು ಹೋಲಿಸಬೇಕು. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆಯಾದ ಇಸಿಯು ಮತ್ತು ವೈರಿಂಗ್ ಕಾರಿನದ್ದೇ ಉಳಿಯಬೇಕು, ಏಕೆಂದರೆ ಕೀಲಿಯನ್ನು ಗುರುತಿಸುವ ಇಮ್ಮೊಬಿಲೈಸರ್ ಆ ಇಸಿಯುವಿನೊಂದಿಗೇ ಹೆಣೆದುಕೊಂಡಿರುತ್ತದೆ. ಹಾಗಾಗಿ ಹೊಸ ಎಂಜಿನ್ನಿನ ಸೆನ್ಸರಿನ ಪ್ಲಗ್ ಕಾರಿನ ವೈರಿಂಗಿಗೆ ಹೊಂದದಿದ್ದರೆ ಬದಲಾಗಬೇಕಾದ್ದು ಸೆನ್ಸರ್, ವೈರಲ್ಲ. ಹಳೆಯ ಎಂಜಿನ್ನಿನಿಂದ ಬಿಚ್ಚಿ ಇದಕ್ಕೆ ಹಾಕಬೇಕು. ಕ್ರ್ಯಾಂಕ್ ಸೆನ್ಸರ್ ಓದುವ ಹಲ್ಲಿನ ಚಕ್ರವನ್ನು ವಿಶೇಷವಾಗಿ ಗಮನಿಸಿ. ಅದರಲ್ಲಿ ಹಲ್ಲುಗಳ ಸಂಖ್ಯೆಯಾಗಲಿ ಖಾಲಿ ಬಿಟ್ಟ ಹಲ್ಲಿನ ಸ್ಥಾನವಾಗಲಿ ಬೇರೆಯಾಗಿದ್ದರೆ ಎಲ್ಲ ಸರಿಯಾಗಿ ಕೂತರೂ ಎಂಜಿನ್ ಹೊತ್ತಿಕೊಳ್ಳುವುದಿಲ್ಲ, ಕಾರಣ ಹುಡುಕಲು ದಿನಗಳೇ ಬೇಕಾಗುತ್ತವೆ.

ಇದೇ ಹೊತ್ತಿನಲ್ಲಿ ಮಾಡಿ ಮುಗಿಸಬೇಕಾದ, ಆಮೇಲೆ ಮಾಡಲು ಮತ್ತೆ ಎಂಜಿನ್ ಇಳಿಸಬೇಕಾದ ಕೆಲಸಗಳಿವೆ. ಫ್ಲೈವೀಲ್ ಬಿಚ್ಚಿ ಅದರ ಹಿಂಬದಿಗೆ ಇರುವ ಕ್ರ್ಯಾಂಕಿನ ಆಯಿಲ್ ಸೀಲ್ ಬದಲಿಸುವುದು ಅವುಗಳಲ್ಲಿ ಮೊದಲನೆಯದು. ಅಂಗೈಯಗಲದ ಆ ರಬ್ಬರ್ ಬಳೆ ಕೈಯಲ್ಲಿ ಹಿಡಿದರೆ ಏನೂ ಅಲ್ಲವೆನಿಸುತ್ತದೆ. ಆದರೆ ಅದು ಸೋರಿದರೆ ಆಯಿಲ್ ನೇರವಾಗಿ ಕ್ಲಚ್ ಪ್ಲೇಟಿನ ಮೇಲೆ ಇಳಿಯುತ್ತದೆ, ಗಾಡಿ ಏರಿನಲ್ಲಿ ಎಳೆಯುವುದನ್ನು ಬಿಡುತ್ತದೆ. ಸೀಲಿನ ಅಂಚಿಗೆ ಎಂಜಿನ್ ಆಯಿಲ್ ಸವರಿ, ಸ್ಪ್ರಿಂಗ್ ಇರುವ ಬದಿ ಎಂಜಿನ್ನಿನ ಒಳಮುಖವಾಗಿರುವಂತೆ, ಸುತ್ತಲೂ ಸಮನಾಗಿ ಕೂರಿಸಬೇಕು. ಕ್ರ್ಯಾಂಕಿನಿಂದ ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ನೀರಿನ ಪಂಪ್ ಮೂರನ್ನೂ ಹೊಸದಾಗಿ ಹಾಕಿಯೇ ಮುಂದೆ ಹೋಗಬೇಕು. ಹಲವು ಎಂಜಿನ್‌ಗಳಲ್ಲಿ ಬೆಲ್ಟ್ ಕಡಿದರೆ ಪಿಸ್ಟನ್ನು ತೆರೆದ ವಾಲ್ವಿಗೆ ಬಡಿಯುತ್ತದೆ, ಅಲ್ಲಿಗೆ ಹೆಡ್ ಮುಗಿಯಿತು. ಕ್ರ್ಯಾಂಕ್ ಮತ್ತು ಕ್ಯಾಮ್ ಪುಲ್ಲಿಗಳ ಗುರುತುಗಳನ್ನು ಹೊಂದಿಸಿದ ಮೇಲೆ ಕ್ರ್ಯಾಂಕನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಅದೇ ಜಾಗಕ್ಕೆ ಬಂದವೇ ಎಂದು ನೋಡಬೇಕು. ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಒಂದೇ ಸುತ್ತಿನ ಪರೀಕ್ಷೆ ಸಾಲದು. ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟ್ಯಾಟ್, ಎಲ್ಲ ನೀರಿನ ಹೋಸ್‌ಗಳು ಮತ್ತು ಸವೆದ ಮೌಂಟಿಂಗ್ ರಬ್ಬರ್‌ಗಳೂ ಈಗಲೇ ಬದಲಾಗಲಿ. ಹಾಗೆಯೇ ಎಂಜಿನ್ ಸಂಖ್ಯೆ ಒತ್ತಿರುವ ಜಾಗವನ್ನು ಒರೆಸಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ ನಮೂದಾಗುವ ಕಡೆಗಳಲ್ಲಿ ಬದಲಾವಣೆಯನ್ನು ದಾಖಲಿಸಬೇಕಾಗುತ್ತದೆ, ಎಂಜಿನ್ ಒಳಗೆ ಕೂತ ಮೇಲೆ ಆ ಜಾಗ ಕಣ್ಣಿಗೆ ಬೀಳದೇ ಹೋಗಬಹುದು.

ಕ್ಲಚ್ ಪ್ಲೇಟಿನ ಮೇಲೆ ಫ್ಲೈವೀಲಿನ ಕಡೆ ಯಾವುದೆಂದು ಸಾಮಾನ್ಯವಾಗಿ ಬರೆದಿರುತ್ತದೆ. ಪ್ಲೇಟನ್ನು ನಡುವಿಗೆ ಹೊಂದಿಸುವ ಕಡ್ಡಿಯಿಲ್ಲದೆ, ಅದನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಬಿಗಿಯಬಾರದು. ಪ್ಲೇಟ್ ಎರಡು ಮಿಲಿಮೀಟರ್ ಪಕ್ಕಕ್ಕಿದ್ದರೂ ಗೇರ್‌ಬಾಕ್ಸಿನ ಶಾಫ್ಟ್ ಒಳಗೆ ಹೋಗುವುದಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರಿಸುವ ಗಳಿಗೆಯಲ್ಲೇ ಮನೆಯ ಕೆಲಸಗಾರರು ಅತಿ ಹೆಚ್ಚು ಹಾನಿ ಮಾಡುವುದನ್ನು ನಾನು ನೋಡಿದ್ದೇನೆ. ಎರಡರ ನಡುವೆ ಬೆರಳಗಲ ಸಂದಿ ಉಳಿದಾಗ ಬೋಲ್ಟ್ ಹಾಕಿ ಬಿಗಿದು ಎಳೆದುಬಿಡೋಣ ಎನಿಸುತ್ತದೆ. ಹಾಗೆ ಎಳೆದರೆ ಅಲ್ಯೂಮಿನಿಯಂ ಕವಚದ ಕಿವಿ ಒಡೆಯುತ್ತದೆ, ಇಲ್ಲವೇ ಕ್ಲಚ್ ಪ್ಲೇಟಿನ ನಡುಭಾಗ ಬಾಗುತ್ತದೆ. ಸರಿಯಾಗಿ ಹೊಂದಿದ ಗೇರ್‌ಬಾಕ್ಸ್ ಕೈಯಿಂದ ತಳ್ಳಿದರೆ ಎರಡನ್ನೂ ಸರಿಯಾದ ಜಾಗಕ್ಕೆ ಹೊಂದಿಸುವ ಡೋವೆಲ್ ಪಿನ್ನುಗಳ ಮೇಲೆ ಪೂರ್ತಿ ಕೂರುತ್ತದೆ. ಕೂರದಿದ್ದರೆ ಗೇರಿಗೆ ಹಾಕಿ ಹೊರಗಿನ ಶಾಫ್ಟನ್ನು ಸ್ವಲ್ಪ ತಿರುಗಿಸುತ್ತಾ ಹಲ್ಲುಗಳು ಹೊಂದುವವರೆಗೆ ತಾಳ್ಮೆಯಿಂದ ಜರುಗಿಸಬೇಕು, ಅಷ್ಟು ಹೊತ್ತೂ ಗೇರ್‌ಬಾಕ್ಸಿನ ಭಾರ ಆ ಶಾಫ್ಟಿನ ಮೇಲೆ ತೂಗದಂತೆ ಕೆಳಗಿನಿಂದ ಆಧಾರ ಕೊಟ್ಟಿರಬೇಕು. ಆಟೊಮ್ಯಾಟಿಕ್ ಆದರೆ ಕ್ಲಚ್ಚಿನ ಜಾಗದಲ್ಲಿರುವ ಟಾರ್ಕ್ ಕನ್ವರ್ಟರ್ ಮೊದಲೇ ಗೇರ್‌ಬಾಕ್ಸಿನೊಳಗೆ ಕೊನೆಯವರೆಗೂ ಹೋಗಿ ಕೂತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಅರ್ಧ ಕೂತ ಕನ್ವರ್ಟರ್ ಬೋಲ್ಟ್ ಬಿಗಿಯುವಾಗ ಗೇರ್‌ಬಾಕ್ಸಿನ ಆಯಿಲ್ ಪಂಪನ್ನು ಒಡೆಯುತ್ತದೆ.

ಎಂಜಿನ್ ಕಾರಿನೊಳಗೆ ಇಳಿದ ಮೇಲೆ ಮೌಂಟಿಂಗ್ ಬೋಲ್ಟುಗಳನ್ನೆಲ್ಲ ಮೊದಲು ಸಡಿಲವಾಗಿ ಹಾಕಿ, ಭಾರ ಪೂರ್ತಿ ಅವುಗಳ ಮೇಲೆ ಬಿದ್ದು ಎಂಜಿನ್ ತನ್ನ ಜಾಗ ಕಂಡುಕೊಂಡ ನಂತರವೇ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಈ ಕ್ರಮ ತಪ್ಪಿದರೆ ರಬ್ಬರುಗಳು ತಿರುಚಿದಂತೆಯೇ ಉಳಿದು, ಸಿಗ್ನಲ್‌ನಲ್ಲಿ ನಿಂತಾಗ ಸ್ಟಿಯರಿಂಗ್ ನಡುಗುತ್ತದೆ.

ಮರೆತುಹೋಗುವ ವಸ್ತುಗಳ ಪಟ್ಟಿಯಲ್ಲಿ ಎಂಜಿನ್ನಿನಿಂದ ಕಾರಿನ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿಗೆ ಅಗ್ರಸ್ಥಾನ. ಹೆಣೆದ ತಾಮ್ರದ ಆ ಚಪ್ಪಟೆ ಪಟ್ಟಿ ಹಳೆಯ ಎಂಜಿನ್ನಿನಲ್ಲೇ ಉಳಿದುಬಿಡುತ್ತದೆ. ಎಂಜಿನ್ ರಬ್ಬರುಗಳ ಮೇಲೆ ಕೂತಿರುವುದರಿಂದ, ಸ್ಟಾರ್ಟರ್ ಎಳೆಯುವ ನೂರಾರು ಆಂಪಿಯರ್ ಕರೆಂಟಿಗೆ ಬ್ಯಾಟರಿಗೆ ಮರಳಲು ದಾರಿ ಬೇಕು. ಪಟ್ಟಿಯಿಲ್ಲದಿದ್ದರೆ ಅದು ಆಕ್ಸಿಲರೇಟರ್ ಕೇಬಲ್ ಅಥವಾ ಕ್ಲಚ್ ಕೇಬಲ್ ಮೂಲಕ ಹರಿಯುತ್ತದೆ. ಆಗ ಸ್ಟಾರ್ಟರ್ ಮಂದವಾಗಿ ತಿರುಗುತ್ತದೆ, ಕೇಬಲಿನ ಹೊದಿಕೆಯಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆ, ಕೆಲವೊಮ್ಮೆ ಕೇಬಲ್ ಒಳಗೇ ಬೆಸೆದುಕೊಂಡು ಆಕ್ಸಿಲರೇಟರ್ ಸಿಕ್ಕಿಬೀಳುತ್ತದೆ. ಹೊಸ ಎಂಜಿನ್ ಹಾಕಿದ ಮೇಲೆ ಬ್ಯಾಟರಿ ಸರಿಯಿದ್ದೂ ಸ್ಟಾರ್ಟರ್ ಎಳೆಯುತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಈ ಪಟ್ಟಿಯನ್ನೇ. ಅದು ಕೂರುವ ಜಾಗದ ಬಣ್ಣ ಮತ್ತು ತುಕ್ಕನ್ನು ಕೆರೆದು, ಹೊಳೆಯುವ ಲೋಹಕ್ಕೇ ಬಿಗಿಯಬೇಕು.

ಹೊಸ ಫಿಲ್ಟರ್, ಹೊಸ ಆಯಿಲ್ ತುಂಬಿದ ಕೂಡಲೇ ಸ್ಟಾರ್ಟ್ ಮಾಡಬಾರದು. ಬಹಳ ದಿನ ಹೊರಗೆ ಬಿದ್ದಿದ್ದ ಎಂಜಿನ್ನಿನ ಬೇರಿಂಗ್‌ಗಳಲ್ಲಿ ಆಯಿಲ್ ಪೂರ್ತಿ ಇಳಿದುಹೋಗಿರುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಂಧನ ಮತ್ತು ಇಗ್ನಿಷನ್ ಕಡಿದು, ಮಧ್ಯೆ ಮಧ್ಯೆ ಬಿಡುವು ಕೊಡುತ್ತಾ ಆಯಿಲ್ ಒತ್ತಡದ ಕೆಂಪು ದೀಪ ಆರುವವರೆಗೆ ಸ್ಟಾರ್ಟರ್ ತಿರುಗಿಸಬೇಕು. ಪ್ಲಗ್ ಇಲ್ಲದೆ ತಿರುಗುವಾಗ ಬೇರಿಂಗ್‌ಗಳ ಮೇಲೆ ಭಾರವಿರುವುದಿಲ್ಲ. ಆಮೇಲೆ ಪ್ಲಗ್ ಹಾಕಿ ಹೊತ್ತಿಸಿದಾಗ ಕೆಲವೇ ಸೆಕೆಂಡಿನಲ್ಲಿ ದೀಪ ಆರದಿದ್ದರೆ ತಕ್ಷಣ ಆಫ್ ಮಾಡಬೇಕು. ಕೂಲಂಟ್ ತುಂಬುವಾಗ ಹೀಟರನ್ನು ಬಿಸಿಯ ಕಡೆ ತಿರುಗಿಸಿಟ್ಟು, ಗಾಳಿ ಬಿಡುವ ತಿರುಪು ಇದ್ದರೆ ಅದರಿಂದ ಗುಳ್ಳೆಯಿಲ್ಲದೆ ದ್ರವ ಬರುವವರೆಗೆ ಕಾಯಿರಿ. ಥರ್ಮೋಸ್ಟ್ಯಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆ. ಆಗ ರೇಡಿಯೇಟರಿಗೆ ಬಿಸಿ ನೀರು ಬರುವ ಹೋಸ್ ಇದ್ದಕ್ಕಿದ್ದಂತೆ ಬಿಸಿಯಾಗುವುದು ಕೈಗೆ ತಿಳಿಯುತ್ತದೆ. ಫ್ಯಾನ್ ತಾನಾಗಿ ಒಮ್ಮೆ ತಿರುಗಿ ನಿಲ್ಲುವವರೆಗೆ ಕಾರನ್ನು ಮನೆಯ ಮುಂದಿನಿಂದ ಕದಲಿಸುವಂತಿಲ್ಲ. ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಮಟ್ಟ ಮತ್ತೆ ನೋಡಿದರೆ ಇಳಿದಿರುವುದೇ ಹೆಚ್ಚು, ಒಳಗೆ ಸಿಕ್ಕಿದ್ದ ಗಾಳಿ ಹೊರಬಂದಿರುತ್ತದೆ. ತುಂಬಿಸಿ ಮರುದಿನ ಇನ್ನೊಮ್ಮೆ ನೋಡಬೇಕು.

ಹಳೆಯ ಎಂಜಿನ್ ಅನ್ನು ಗುಜರಿಗೆ ಹಾಕಲು ಮಾತ್ರ ಆತುರ ಬೇಡ. ಕೆಲವು ವಾರ ಕಾರು ಎಲ್ಲ ಬಗೆಯ ದಾರಿಯಲ್ಲೂ ಓಡಿ, ಹೊಸದಕ್ಕೆ ಇನ್ನಾವ ಬ್ರಾಕೆಟ್ಟೂ ಸೆನ್ಸರೂ ಬೇಕಾಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಅದರ ಆಯಿಲ್ ಪೂರ್ತಿ ಬಸಿದು, ಬಳಸಿದ ಆಯಿಲ್ ಸ್ವೀಕರಿಸುವವರಿಗೆ ಕೊಟ್ಟು, ಆಮೇಲೆ ಕಬ್ಬಿಣವನ್ನು ತೂಕಕ್ಕೆ ಹಾಕಬಹುದು.