ಚೊಚ್ಚಲ ತಾಯಂದ್ರೇ, ಎದೆಹಾಲಿಗೆ ತಯಾರಿ ಅಂದ್ರೆ ಏನು ಮಾಡ್ಬೇಕು?

ಮೊದಲ್ನೇ ಸಲ ತಾಯಿ ಆಗೋರು ಹಾಲುಣಿಸೋ ವಿಷಯ ಬಂದ ತಕ್ಷಣ ಕೇಳೋದು ಏನೇನು ತಗೋಬೇಕು ಅಂತ. ಪಂಪ್ ಯಾವುದು, ನರ್ಸಿಂಗ್ ಬ್ರಾ ಎಷ್ಟು ಬೇಕು, ಹಾಲುಣಿಸೋ ದಿಂಬು ಬೇಕಾ. ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಈ ಲಿಸ್ಟ್ ಬರೆಯೋಕೆ ಕೂರೋ ಹೊತ್ತಿಗೆ ದೇಹ ಅದರ ಪಾಲಿನ ತಯಾರಿ ಬಹುತೇಕ ಮುಗಿಸಿರತ್ತೆ. ಬಸಿರಿನ ನಾಲ್ಕು-ಐದನೇ ತಿಂಗಳ ಹೊತ್ತಿಗೇ ಎದೆಯೊಳಗಿನ ಗ್ರಂಥಿಗಳು ಗಿಣ್ಣು ಹಾಲು ಮಾಡೋಕೆ ಶುರು ಮಾಡಿರ್ತವೆ. ಕೆಲವರಿಗೆ ಕೊನೇ ತಿಂಗಳುಗಳಲ್ಲಿ ಬಟ್ಟೆ ಮೇಲೆ ಹಳದಿ ಕಲೆ ಕಾಣತ್ತೆ, ಕೆಲವರಿಗೆ ಒಂದು ಹನಿನೂ ಕಾಣಲ್ಲ, ಎರಡೂ ನಾರ್ಮಲ್ಲೇ. ಹನಿ ಕಾಣ್ಲಿಲ್ಲ ಅಂದ್ರೆ ಮುಂದೆ ಹಾಲು ಕಮ್ಮಿ ಆಗತ್ತೆ ಅಂತೇನಿಲ್ಲ. ಎದೆಯ ಸೈಜ್ ಕೂಡ ಹಾಗೇ, ಅದು ಬಹುಪಾಲು ಕೊಬ್ಬಿನ ಲೆಕ್ಕ, ಚಿಕ್ಕ ಎದೆಯಲ್ಲಿ ಒಂದು ಸಲಕ್ಕೆ ಹಿಡಿಯೋ ಹಾಲು ಕಮ್ಮಿ ಇರಬಹುದು, ಮಗು ಸ್ವಲ್ಪ ಬೇಗ ಬೇಗ ಕುಡಿಯತ್ತೆ, ಅಷ್ಟೇ.

ಹಾಗಾದ್ರೆ ಐದನೇ ತಿಂಗಳಿಂದ ಹಾಲು ಧಾರಾಳವಾಗಿ ಯಾಕೆ ಸುರಿಯಲ್ಲ? ಮಾಸು ಬಿಡಲ್ಲ. ಮಾಸಿನಿಂದ ಬರೋ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ಹಾಲಿನ ಉತ್ಪಾದನೆಯನ್ನ ತಡೆದು ಹಿಡಿದಿರತ್ತೆ. ಹೆರಿಗೆ ಆಗಿ ಮಾಸು ಹೊರಗೆ ಬಿತ್ತು ಅಂದ್ರೆ ಆ ಹಾರ್ಮೋನು ಸರ್ರನೆ ಇಳಿಯತ್ತೆ, ಇನ್ನೊಂದು ಕಡೆ ಹಾಲು ಮಾಡಿಸೋ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು ಆಗ್ಲೇ ಏರಿ ಕೂತಿರತ್ತೆ, ಆಗ ಹಾಲಿನ ಕಾರ್ಖಾನೆ ಪೂರ್ತಿ ಚಾಲೂ ಆಗತ್ತೆ. ಹಾಗಂತ ಸ್ವಿಚ್ ಒತ್ತಿದ ತಕ್ಷಣ ಅಲ್ಲ, ಎದೆ ತುಂಬಿ ಬಿಗಿಯೋದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದಲ್ಲಿ. ಚೊಚ್ಚಲ ಹೆರಿಗೆ ಆದ್ರೆ, ಸಿಸೇರಿಯನ್ ಆಗಿದ್ರೆ, ಡಯಾಬಿಟಿಸ್ ಇದ್ರೆ ಸ್ವಲ್ಪ ತಡ ಆಗಬಹುದು. ಮಾಸಿನ ಒಂದು ಚೂರು ಗರ್ಭಕೋಶದಲ್ಲೇ ಉಳಿದುಬಿಟ್ರೂ ಹಾಲು ತಡ ಆಗತ್ತೆ, ಹಾಗಾಗಿ ಐದು ದಿನ ಆದ್ರೂ ಎದೆ ತುಂಬ್ಲಿಲ್ಲ, ರಕ್ತಸ್ರಾವನೂ ಜಾಸ್ತಿ ಇದೆ ಅಂದ್ರೆ ಡಾಕ್ಟರಿಗೆ ಹೇಳ್ಲೇಬೇಕು.

ನನ್ನ ಕೇಳಿದ್ರೆ ನಿಜವಾದ ತಯಾರಿ ಬೇಕಾಗಿರೋದು ಆ ಮೊದಲ ಮೂರು ದಿನಕ್ಕೆ. ಮಗು ಅಳ್ತಿರತ್ತೆ, ಎದೆ ಮೆತ್ತಗೇ ಇರತ್ತೆ, ಪಕ್ಕದಲ್ಲಿದ್ದವರು ಯಾರೋ ಒಬ್ರು "ಹಾಲೇ ಬಂದಿಲ್ಲ ಪಾಪ" ಅಂತ ಬಾಟಲಿ ಹುಡುಕೋಕೆ ಹೊರಡ್ತಾರೆ. ಹಾಲು ಬಂದಿರತ್ತೆ ಕಣ್ರೀ. ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯೋದು ಎರಡರಿಂದ ಹತ್ತು ಮಿಲಿ, ಅಂದ್ರೆ ಸುಮಾರಾಗಿ ಒಂದು ಟೀ ಚಮಚ. ಗಿಣ್ಣು ಹಾಲು ಬರೋದೂ ಅಷ್ಟಷ್ಟೇ, ಗಟ್ಟಿಯಾಗಿ, ಹಳದಿಯಾಗಿ. ಅದರಲ್ಲಿ ಐಜಿಎ ಅನ್ನೋ ಪ್ರತಿಕಾಯ ತುಂಬಿರತ್ತೆ, ಅದು ಮಗುವಿನ ಕರುಳಿನ ಒಳಗೋಡೆಗೆ ರಕ್ಷಣೆ ಕೊಡತ್ತೆ, ಜೊತೆಗೆ ಗಿಣ್ಣು ಹಾಲು ಹೊಟ್ಟೆಯಲ್ಲಿರೋ ಕಪ್ಪು ಅಂಟು ಮಲವನ್ನ ಹೊರಗೆ ತಳ್ಳತ್ತೆ. ತೂಕ ಇಳಿದ್ರೂ ಗಾಬರಿ ಬೇಡ, ಮೊದಲ ದಿನಗಳಲ್ಲಿ ಶೇಕಡಾ 7ರ ತನಕ ಇಳಿಯೋದು ಮಾಮೂಲು, 10 ದಾಟಿದ್ರೆ ತೋರಿಸ್ಬೇಕು, ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ವಾಪಸ್ ಬರತ್ತೆ. ಎರಡನೇ ರಾತ್ರಿ ಮಗು ಬಿಟ್ಟೂ ಬಿಡದೆ ಎದೆ ಕೇಳೋದು ಇದೆಯಲ್ಲ, ಅದನ್ನ ಮೊದ್ಲೇ ಗೊತ್ತುಮಾಡ್ಕೊಂಡಿರೋ ತಾಯಿ ಬೇರೆ, ಗೊತ್ತಿಲ್ಲದ ತಾಯಿ ಬೇರೆ. ಗೊತ್ತಿಲ್ಲದವಳು ನನ್ನ ಹಾಲು ಸಾಲ್ತಿಲ್ಲ ಅಂದ್ಕೊಂಡು ಅವಳೂ ಅಳ್ತಾಳೆ.

ಮೊದಲ ಕೆಲವು ದಿನ ಹಾರ್ಮೋನೇ ಗಾಡಿ ಓಡಿಸತ್ತೆ, ಆಮೇಲೆ ಲೆಕ್ಕ ಬದಲಾಗತ್ತೆ. ಬಾವಿ ನೀರು ಇದ್ದ ಹಾಗೆ, ಸೇದಿದಷ್ಟೂ ಊರತ್ತೆ, ಸೇದೋದು ಬಿಟ್ರೆ ನಿಲ್ಲತ್ತೆ. ಎದೆಯಲ್ಲಿ ಹಾಲು ತುಂಬಿ ಹಾಗೇ ನಿಂತಿದ್ರೆ ಉತ್ಪಾದನೆ ನಿಧಾನ ಆಗತ್ತೆ, ಖಾಲಿ ಆದಾಗ ಜೋರಾಗತ್ತೆ, ಎರಡು ಎದೆಗಳಲ್ಲೂ ಈ ಲೆಕ್ಕ ಬೇರೆ ಬೇರೆಯಾಗೇ ನಡೆಯತ್ತೆ. ಅದಕ್ಕೇ ದಿನಕ್ಕೆ 8ರಿಂದ 12 ಸಲ ಕುಡಿಸಿ ಅನ್ನೋದು, ಅದಕ್ಕೇ "ರಾತ್ರಿ ಒಂದು ಬಾಟಲಿ ಕೊಟ್ಟು ಮಲ್ಕೊಳ್ಳಮ್ಮ" ಅನ್ನೋ ಪ್ರೀತಿಯ ಸಲಹೆ ಮೊದಲ ವಾರಗಳಲ್ಲಿ ಸ್ವಲ್ಪ ದುಬಾರಿ ಬೀಳಬಹುದು, ಯಾಕಂದ್ರೆ ಪ್ರೊಲ್ಯಾಕ್ಟಿನ್ ಜಾಸ್ತಿ ಇರೋದೇ ರಾತ್ರಿ.

ಹಾಲು ತಯಾರಾದ್ರೆ ಸಾಲ್ದು, ಇಳೀಬೇಕು. ಮಗು ಚೀಪಿದಾಗ ತಾಯಿಯ ಮೆದುಳಿಂದ ಆಕ್ಸಿಟೋಸಿನ್ ಬರತ್ತೆ, ಅದು ಗ್ರಂಥಿಗಳ ಸುತ್ತ ಇರೋ ಸಣ್ಣ ಸ್ನಾಯುಕೋಶಗಳನ್ನ ಹಿಂಡಿಸಿ ಹಾಲನ್ನ ಮುಂದಕ್ಕೆ ತಳ್ಳತ್ತೆ. ಈ ಹಾರ್ಮೋನು ಸ್ವಲ್ಪ ನಾಚಿಕೆ ಸ್ವಭಾವದ್ದು. 1948ರಲ್ಲಿ ಮೈಕೇಲ್ ನ್ಯೂಟನ್ ಮತ್ತು ನೈಲ್ಸ್ ನ್ಯೂಟನ್ ಅನ್ನೋ ದಂಪತಿ ಒಂದು ವಿಚಿತ್ರ ಪ್ರಯೋಗದ ವಿವರ ಪ್ರಕಟಿಸಿದ್ರು. ಹಾಲುಣಿಸ್ತಿರೋ ಒಬ್ಬ ತಾಯಿಯ ಕಾಲನ್ನ ಐಸ್ ನೀರಲ್ಲಿ ಇಡಿಸೋದು, ಕಾಲಿನ ಹೆಬ್ಬೆರಳು ಹಿಡಿದು ಎಳೆಯೋದು, ಒಂದರ ಹಿಂದೆ ಒಂದು ಲೆಕ್ಕ ಕೇಳಿ ತಪ್ಪಾದ್ರೆ ಸಣ್ಣದಾಗಿ ಕರೆಂಟ್ ಶಾಕ್ ಕೊಡೋದು! ಕಿರಿಕಿರಿ ಇಲ್ಲದ ದಿನ ಮಗು ಸರಾಸರಿ 168 ಗ್ರಾಂ ಹಾಲು ಕುಡಿದ್ರೆ ಕಿರಿಕಿರಿ ಮಾಡಿದ ದಿನ 99 ಗ್ರಾಂ. ಅದೇ ಕಿರಿಕಿರಿ ಮಧ್ಯೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟಾಗ 153. ಅಂದ್ರೆ ಹಾಲು ಒಳಗೇ ಇತ್ತು, ಇಳೀತಾ ಇರ್ಲಿಲ್ಲ. ಇವತ್ತು ಬಾಣಂತಿ ರೂಮಲ್ಲಿ ಯಾರೂ ಹೆಬ್ಬೆರಳು ಎಳೆಯಲ್ಲ ನಿಜ, ಆದ್ರೆ ಹೊಲಿಗೆ ನೋಯ್ತಿರೋವಾಗ ರೂಮ್ ತುಂಬ ಜನ ಕೂತು "ಬರ್ತಿದೆಯಾ, ಬರ್ತಿದೆಯಾ" ಅಂತ ನಿಮಿಷಕ್ಕೊಂದ್ಸಲ ಕೇಳಿದ್ರೆ ಪರಿಣಾಮ ಏನು ಅಂತ ನೀವೇ ಊಹಿಸಿ. ಹೆರಿಗೆಗೆ ಮುಂಚೆನೇ ಗಂಡನ ಜೊತೆ ಕೂತು ಮಾತಾಡ್ಕೊಳ್ಬೇಕಾದ ವಿಷಯ ಇದು: ಜನರನ್ನ ಬಾಗಿಲಲ್ಲೇ ನಿಲ್ಲಿಸೋರು ಯಾರು, ನೀರು ತಂದು ಕೊಡೋರು ಯಾರು, ಕುಡಿಸಿ ಆದ್ಮೇಲೆ ಮಗು ಎತ್ಕೊಂಡು ತೇಗಿಸೋರು ಯಾರು. ನೋವಿನ ಮಾತ್ರೆ ಬಗ್ಗೆನೂ ಮೊದ್ಲೇ ಕೇಳಿಟ್ಕೊಳ್ಳಿ, ಹಾಲುಣಿಸೋವಾಗ ತಗೋಬಹುದಾದ ಮಾತ್ರೆಗಳು ಇವೆ, ಹಲ್ಲು ಕಚ್ಕೊಂಡು ಸಹಿಸೋ ಅಗತ್ಯ ಇಲ್ಲ.

ಇನ್ನು ಲ್ಯಾಚ್, ಅಂದ್ರೆ ಮಗು ಎದೆ ಹಿಡಿಯೋ ರೀತಿ. ಮೊಲೆತೊಟ್ಟಿನ ಹಿಂದೆ ಹಾಲು ತುಂಬಿದ ಸಣ್ಣ ಚೀಲಗಳಿರ್ತವೆ, ಮಗು ಅದನ್ನ ಅಮುಕತ್ತೆ ಅಂತ ಪಠ್ಯಪುಸ್ತಕಗಳು ಬಹಳ ಕಾಲ ಹೇಳ್ತಿದ್ವು, ಅದಕ್ಕೆ ಮೂಲ 1840ರಲ್ಲಿ ಆಸ್ಟ್ಲಿ ಕೂಪರ್ ಅನ್ನೋ ಇಂಗ್ಲಿಷ್ ಸರ್ಜನ್ ಶವಗಳ ಹಾಲಿನ ನಾಳಗಳಿಗೆ ಬಣ್ಣದ ಮೇಣ ತುಂಬಿಸಿ ಮಾಡಿದ ಅಧ್ಯಯನ. 2005ರಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾ ಯೂನಿವರ್ಸಿಟಿಯವರು ಹಾಲುಣಿಸೋ ತಾಯಂದ್ರಿಗೇ ಅಲ್ಟ್ರಾಸೌಂಡ್ ಮಾಡಿ ನೋಡಿದ್ರೆ ಆ ಚೀಲಗಳೇ ಇಲ್ಲ, ಪುಸ್ತಕದಲ್ಲಿ 15-20 ಅಂತಿದ್ದ ನಾಳಗಳೂ ಸರಾಸರಿ ಒಂಬತ್ತೇ. ಅಂದ್ರೆ ತೊಟ್ಟಿನ ತುದಿ ಕಚ್ಚಿದ್ರೆ ಮಗುಗೆ ಹೆಚ್ಚೇನೂ ಸಿಗಲ್ಲ, ತಾಯಿಗೆ ಬಿರುಕು ಸಿಗತ್ತೆ. ತೊಟ್ಟು ಮಗುವಿನ ಬಾಯಿಯ ಅಂಗುಳದ ಹಿಂದಿನ ತನಕ ಹೋಗ್ಬೇಕು, ಆಗ ಮಗು ನಾಲಿಗೆ ಇಳಿಸಿದಾಗ ಬಾಯೊಳಗೆ ಆಗೋ ನಿರ್ವಾತ ಹಾಲನ್ನ ಎಳೆಯತ್ತೆ.

ಮಾಡೋದು ಹೀಗೆ: ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರ್ಲಿ, ತೊಟ್ಟು ಮಗುವಿನ ಮೂಗಿನ ನೇರಕ್ಕೆ ಇರ್ಲಿ. ಆಕಳಿಸೋ ಹಾಗೆ ಬಾಯಿ ಅಗಲ ತೆಗೆಯೋ ತನಕ ಕಾಯಿರಿ, ತೆಗೆದಾಗ ಮಗುವನ್ನ ಎದೆಗೆ ತನ್ನಿ, ಎದೆಯನ್ನ ಮಗು ಹತ್ರ ತಗೊಂಡು ಹೋಗೋಕೆ ಬಗ್ಗಬೇಡಿ, ಬೆನ್ನು ಹೋಗತ್ತೆ. ಮಗುವಿನ ಗದ್ದ ಮೊದಲು ತಾಗ್ಬೇಕು, ಕೆಳತುಟಿ ಹೊರಕ್ಕೆ ಮಡಚಿರ್ಬೇಕು. ಬಿಡಿಸಿದ ಮೇಲೆ ತೊಟ್ಟು ದುಂಡಗಿದ್ರೆ ಸರಿ, ಒಂದು ಕಡೆ ಚಪ್ಪಟೆಯಾಗಿ ಓರೆಯಾಗಿದ್ರೆ ಹಿಡಿತ ಆಳ ಇರ್ಲಿಲ್ಲ ಅಂತ. ನೋವಾದ್ರೆ ಕಿರುಬೆರಳನ್ನ ಬಾಯಿ ಮೂಲೆಯಲ್ಲಿ ತೂರಿಸಿ ಬಿಡಿಸಿ ಮತ್ತೆ ಹಿಡಿಸಿ.

ತೊಟ್ಟು ಗಟ್ಟಿಯಾಗ್ಲಿ ಅಂತ ಬಸಿರಲ್ಲೇ ಬಟ್ಟೆಯಿಂದ ಉಜ್ಜೋದೆಲ್ಲ ಬೇಡ, ಚರ್ಮ ಹಾಳಾಗತ್ತೆ ಅಷ್ಟೇ. ಸೋಪೂ ಬೇಡ, ತೊಟ್ಟಿನ ಸುತ್ತ ಇರೋ ಸಣ್ಣ ಗುಳ್ಳೆಗಳೇ ಎಣ್ಣೆ ಬಿಡ್ತವೆ. ಒಳಗೆ ಹೋಗಿರೋ ತೊಟ್ಟಿದ್ದವರು ಹೆದರ್ಬೇಡಿ, ಮಗು ಹಿಡಿಯೋದು ಎದೆಯನ್ನ, ಬರೀ ತೊಟ್ಟನ್ನಲ್ಲ. ಡಯಾಬಿಟಿಸ್ ಇದ್ದು ಬೇರೆ ತೊಂದರೆ ಇಲ್ಲದ ಬಸುರಿಯರು 36 ವಾರ ದಾಟಿದ ಮೇಲೆ ಗಿಣ್ಣು ಹಾಲು ಕೈಯಿಂದ ಹಿಂಡಿ ಇಟ್ಕೊಂಡ್ರೆ ಅಪಾಯ ಇಲ್ಲ ಅಂತ 2017ರಲ್ಲಿ ಬಂದ ಆಸ್ಟ್ರೇಲಿಯಾದ ಒಂದು ದೊಡ್ಡ ಅಧ್ಯಯನ ಹೇಳಿದೆ, ಆದ್ರೂ ತೊಟ್ಟು ಮುಟ್ಟಿದ್ರೆ ಆಕ್ಸಿಟೋಸಿನ್ ಬರೋದ್ರಿಂದ, ಅದೇ ಹಾರ್ಮೋನು ಗರ್ಭಕೋಶನೂ ಹಿಂಡೋದ್ರಿಂದ, ಡಾಕ್ಟರನ್ನ ಕೇಳದೆ ಶುರು ಮಾಡ್ಬೇಡಿ.

ಎದೆಯ ಆಪರೇಷನ್ ಆಗಿದ್ರೆ, ಥೈರಾಯ್ಡ್ ಅಥವಾ ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ತೊಂದರೆ) ಇದ್ರೆ, ಬಸಿರಲ್ಲಿ ಎದೆ ಸ್ವಲ್ಪನೂ ಬದಲಾಗದೇ ಇದ್ರೆ ಹೆರಿಗೆಗೆ ಮುಂಚೆನೇ ಹೇಳಿಬಿಡಿ. ಕೆಲವರಿಗೆ ಎಲ್ಲ ಸರಿಯಾಗಿ ಮಾಡಿದ್ರೂ ಹಾಲು ನಿಜವಾಗ್ಲೂ ಸಾಲಲ್ಲ, ಅದು ಅವರ ತಪ್ಪಲ್ಲ, ಅಂಥವರಿಗೆ ಫಾರ್ಮುಲಾ, ಅಂದ್ರೆ ಮಗುಗಂತಲೇ ಮಾಡಿದ ಪುಡಿ ಹಾಲು ಇದೆ, ಸ್ವಲ್ಪ ಎದೆಹಾಲು ಸ್ವಲ್ಪ ಫಾರ್ಮುಲಾ ಕೊಡೋದೂ ಇದೆ.

ಆಸ್ಪತ್ರೆ ಆಯ್ಕೆ ಮಾಡೋವಾಗ ಎರಡು ಪ್ರಶ್ನೆ ಕೇಳಿ. ಮಗು ಹುಟ್ಟಿದ ತಕ್ಷಣ ಎದೆ ಮೇಲೆ ಬರಿಮೈಗೆ ಮಲಗಿಸ್ತೀರಾ, ಸಿಸೇರಿಯನ್ ಆದ್ರೂ ಮಲಗಿಸ್ತೀರಾ? ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಮೊದಲ ಒಂದು ಗಂಟೆಯೊಳಗೇ ಹಾಲುಣಿಸೋಕೆ ಶುರು ಮಾಡಿ ಅಂತ. ಎರಡನೇದು, ರಾತ್ರಿ ಎರಡು ಗಂಟೆಗೆ ಲ್ಯಾಚ್ ಆಗ್ತಿಲ್ಲ ಅಂದ್ರೆ ಬಂದು ನೋಡೋರು ಯಾರಾದ್ರೂ ಇರ್ತಾರಾ?

ಮನೆಗೆ ಬಂದ ಮೇಲೆ ಸಾಲ್ತಿದೆಯಾ ಅಂತ ತಿಳ್ಕೊಳ್ಳೋಕೆ ಎದೆ ಒತ್ತಿ ನೋಡ್ಬೇಡಿ, ಪಂಪ್ ಹಾಕಿ ಅಳೀಬೇಡಿ, ಪಂಪಿಗೆ ಬರೋದಕ್ಕೂ ಮಗುಗೆ ಸಿಗೋದಕ್ಕೂ ಅಜಗಜಾಂತರ. ಡಯಾಪರ್ ನೋಡಿ. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರಾದ್ರೂ ಒದ್ದೆ ಆಗ್ಬೇಕು, ಮಲ ಹಳದಿ ಬಣ್ಣಕ್ಕೆ ತಿರುಗಿರ್ಬೇಕು. ಡಯಾಪರ್ ಒಣಗೇ ಇದೆ, ಮಗು ಕುಡಿಯೋಕೂ ಏಳ್ದೆ ಮಂಕಾಗಿ ಮಲಗಿದೆ, ಮೈ ಹಳದಿ ಏರ್ತಿದೆ, ಅಥವಾ ನಿಮಗೇ ಜ್ವರ ಬಂದು ಎದೆಯ ಒಂದು ಭಾಗ ಕೆಂಪಾಗಿ ನೋಯ್ತಿದೆ ಅಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಅವತ್ತೇ ತೋರಿಸಿ.